ಗಂಟು ಸಣ್ಣದಿದ್ದಾಗಲೇ: ಡಾ. ವಿಜಯಲಕ್ಷ್ಮಿ ದೇಶಮಾನೆ ಅವರ ಬದುಕು ಮತ್ತು ಕೆಲಸ

(ಗೊಬ್ಬೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ವಿಷಯವನ್ನು ಆರಿಸುವ ಕೆಲಸವನ್ನು ಸಂಘಟಕರು ನನಗೇ ಬಿಟ್ಟರು. ನಾನು ಹೆಚ್ಚು ಯೋಚನೆ ಮಾಡಲಿಲ್ಲ. ನಮ್ಮ ಕಲಬುರಗಿಯ ಗಲ್ಲಿಯಲ್ಲಿ ಬೆಳೆದು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರಿನ ಶಸ್ತ್ರವೈದ್ಯೆಯಾಗಿ ದುಡಿದ ಡಾ. ವಿಜಯಲಕ್ಷ್ಮಿ ದೇಶಮಾನೆ ಅವರ ಬಗ್ಗೆ ಮಾತಾಡುತ್ತೇನೆ ಎಂದೆ. 2025ರ ಗಣರಾಜ್ಯೋತ್ಸವದ ಹೊತ್ತಿಗೆ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಆಟದ ಹಿರಿಯಜ್ಜಿ ಭೀಮವ್ವ ಶಿಳ್ಳೇಕ್ಯಾತರ, ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರ ಹೆಸರೂ ಅದೇ ಪಟ್ಟಿಯಲ್ಲಿದ್ದವು. ನಮ್ಮ ಕಡೆಯ ಮೂವರು, ಮೂವರೂ ದುಡಿಯುವ ಮನೆಗಳಿಂದ ಬಂದವರು. ಆ ದಿನ ನಾನು ಎಷ್ಟು ಹೊತ್ತು ಹಿಗ್ಗಿನಲ್ಲಿದ್ದೆ ಎಂದು ಹೇಳಲಾರೆ.

ಹಿಗ್ಗಿನ ಜೊತೆಗೆ ಒಂದು ಅಸಮಾಧಾನವೂ ಇತ್ತು. ಪತ್ರಿಕೆಗಳಲ್ಲಿ, ಸನ್ಮಾನ ಸಭೆಗಳಲ್ಲಿ ಅವರ ಬಗ್ಗೆ ಬಂದದ್ದೆಲ್ಲ ಬಹುಪಾಲು ಒಂದೇ ಕತೆ: ಕೊಳೆಗೇರಿಯಲ್ಲಿ ಹುಟ್ಟಿದ್ದು, ತಾಯಿಯ ತಾಳಿ ಮಾರಿ ಓದಿದ್ದು, ಪದ್ಮಶ್ರೀ ಪಡೆದದ್ದು. ಎಲ್ಲವೂ ನಿಜ. ಆದರೆ ಹುಟ್ಟಿಗೂ ಪ್ರಶಸ್ತಿಗೂ ನಡುವೆ ಹಲವು ದಶಕಗಳ ಕೆಲಸ ಇದೆ. ಆ ಕೆಲಸ ಏನು, ಆಪರೇಷನ್ ಕೋಣೆಯಲ್ಲಿ ಅವರ ಕೈ ಮಾಡಿದ್ದೇನು, ಅಲ್ಲಿ ಮಲಗಿದ್ದ ಹೆಂಗಸು ಯಾವ ಊರಿನಿಂದ ಬಂದವಳು, ಎಷ್ಟು ತಡವಾಗಿ ಬಂದವಳು, ಇವನ್ನು ಯಾರೂ ಕೇಳಲಿಲ್ಲ. ಒಬ್ಬ ಶಸ್ತ್ರವೈದ್ಯೆಯ ಬಡತನವನ್ನಷ್ಟೇ ಹೊಗಳಿ ಅವರ ವಿದ್ಯೆಯನ್ನು ಬಿಟ್ಟುಬಿಟ್ಟರೆ ಅದು ಅರ್ಧ ಗೌರವ. ಇವತ್ತು ಉಳಿದರ್ಧವನ್ನು ಸಲ್ಲಿಸುವ ಪ್ರಯತ್ನ ಮಾಡುತ್ತೇನೆ. ಅದಕ್ಕೆ ಮೊದಲು ಬಾಲ್ಯದ ಮಾತು ಬೇಕು. ಆ ಬಾಲ್ಯ ಮುಂದೆ ಅವರ ಕೆಲಸದೊಳಗೇ ಬರುತ್ತದೆ.

ಏಕೀಕರಣದ ಆಸುಪಾಸಿನ ವರ್ಷಗಳಲ್ಲಿ ಕಲಬುರಗಿಯ ಒಂದು ಕೊಳೆಗೇರಿಯ ದಲಿತ ಕುಟುಂಬದಲ್ಲಿ ಅವರು ಹುಟ್ಟಿದರು. ತಂದೆ ಬಾಬುರಾವ್ ದೇಶಮಾನೆ ಶಾಲೆ ಕಂಡವರಲ್ಲ. ಕಟ್ಟಿಗೆ ಒಡೆದರು, ಮೂಟೆ ಹೊತ್ತರು, ಮುಂದೆ ಗಿರಣಿಯಲ್ಲಿ ಕೆಲಸ ಹಿಡಿದರು. ಸ್ವಾತಂತ್ರ್ಯ ಹೋರಾಟದ ದಿನಗಳ ಒಡನಾಟದಲ್ಲಿ ತಾವಾಗಿಯೇ ಅಕ್ಷರ ಕಲಿತು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಓದುವಷ್ಟಾದರು. ತಾಯಿ ಕಾಯಿಪಲ್ಲೆ ಮಾರುತ್ತಿದ್ದರು. ಮಗಳೂ ಮಗನೂ ಕಾಯಿಪಲ್ಲೆಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ತಾಯಿಗೆ ಒದಗಿಸುತ್ತಿದ್ದರು. ಮನೆ ತುಂಬ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳೇ ಹೆಚ್ಚು. ಅಂಥ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಡಾಕ್ಟರಾಗಬೇಕು, ಬಡವರ ಸೇವೆ ಮಾಡಬೇಕು ಎಂದು ಹಟ ಹಿಡಿದವರು ತಂದೆ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಆಗ ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ ಇರಲಿಲ್ಲ. ನಮ್ಮ ಮಕ್ಕಳಿಗೆಂದು ವೈದ್ಯಕೀಯ ಸೀಟುಗಳನ್ನು ತೆಗೆದಿಡುವ ವ್ಯವಸ್ಥೆ ಬಂದದ್ದು 2012ರಲ್ಲಿ ಸಂಸತ್ತು ಸಂವಿಧಾನ ತಿದ್ದುಪಡಿಗೆ ಒಪ್ಪಿದ ಮೇಲೆ. ಕಲಬುರಗಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಇರಲಿಲ್ಲ. ಎಂ.ಆರ್. ಮೆಡಿಕಲ್ ಕಾಲೇಜು 1963ರಲ್ಲೇ ಶುರುವಾಗಿತ್ತು, ಅದು ಖಾಸಗಿ ಸಂಸ್ಥೆಯದು. ಈ ಹುಡುಗಿ ಹೋದದ್ದು ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿಗೆ, ಊರು ಬಿಟ್ಟು, ಹಾಸ್ಟೆಲಿಗೆ. ಆ ಪ್ರವೇಶದ ಹೊತ್ತಿಗೇ ತಾಯಿಯ ಮಾಂಗಲ್ಯ ಕೈಬಿಟ್ಟದ್ದು.

ಮೊದಲ ವರ್ಷ ಅವರು ನಪಾಸಾದರು.

ಇಲ್ಲಿ ಶಾಲೆ ಓದುವ ಮಕ್ಕಳಿದ್ದಾರೆ, ಅವರಿಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ. ಪದ್ಮಶ್ರೀ ಪಡೆದ ವೈದ್ಯೆ ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ನಪಾಸಾಗಿದ್ದರು. ಕಾರಣ ಬುದ್ಧಿಯ ಕೊರತೆಯಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅಂಗರಚನಾಶಾಸ್ತ್ರದ ದಪ್ಪ ಪುಸ್ತಕ, ಪ್ರಾಧ್ಯಾಪಕರ ಪಾಠ, ಪರೀಕ್ಷೆಯ ಪ್ರಶ್ನೆ, ಮೌಖಿಕ ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ ಎದುರಾದವು. ದೇಹದೊಳಗಿನ ಒಂದೊಂದು ನರಕ್ಕೂ ಲ್ಯಾಟಿನ್ ಹೆಸರು. ಇಂಥ ಹೊತ್ತಿನಲ್ಲಿ ಊರಿಗೆ ಮರಳಿದ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ‘ನಮ್ಮಂಥವರಿಗೆ ಇದು ಆಗಿಬರೂದಿಲ್ಲ’ ಎಂದು ಅಂಗಡಿಯಲ್ಲೋ ಹೊಲದಲ್ಲೋ ನಿಂತುಬಿಟ್ಟ ಬುದ್ಧಿವಂತರು ಈ ತಾಲೂಕಿನಲ್ಲೇ ಎಷ್ಟು ಮಂದಿ! ದೇಶಮಾನೆ ಅವರು ಮರಳಲಿಲ್ಲ. ಅಧ್ಯಾಪಕರ ನೆರವು ಪಡೆದರು, ಭಾಷೆಯನ್ನು ಗಟ್ಟಿ ಮಾಡಿಕೊಂಡರು, ಮುಂದಿನ ವರ್ಷಗಳಲ್ಲಿ ಒಳ್ಳೆಯ ಅಂಕ ಪಡೆದು ಪದವಿ ಮುಗಿಸಿದರು. ಆ ಮೇಲೆ ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್.

ಶಸ್ತ್ರಚಿಕಿತ್ಸೆ! ಆ ಕಾಲಕ್ಕೆ ಡಾಕ್ಟರಾದ ಹೆಣ್ಣುಮಕ್ಕಳು ಸಾಮಾನ್ಯವಾಗಿ ಹೆರಿಗೆ ವಿಭಾಗಕ್ಕೋ ಮಕ್ಕಳ ವಿಭಾಗಕ್ಕೋ ಹೋಗುತ್ತಿದ್ದರು. ಗಂಟೆಗಟ್ಟಲೆ ನಿಂತು, ರಾತ್ರಿ ಹಗಲು ಕರೆದಾಗ ಓಡುವ ಈ ವಿದ್ಯೆ ಗಂಡಸರದು ಎಂದೇ ಎಣಿಸಿದ್ದರು. ಅದನ್ನು ಆರಿಸಿಕೊಂಡು, ಅದರೊಳಗೂ ಕ್ಯಾನ್ಸರನ್ನು ಆರಿಸಿಕೊಂಡು, ಅವರು ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸೇರಿದರು. ಮದುವೆಯಾಗಲಿಲ್ಲ. ವೃತ್ತಿಜೀವನ ಪೂರ್ತಿ ಅಲ್ಲೇ ಕಳೆಯಿತು. ಪ್ರಾಧ್ಯಾಪಕರಾಗಿ, ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿ 2015ರಲ್ಲಿ ನಿವೃತ್ತರಾದರು. ನಿವೃತ್ತಿಯ ಮೇಲೂ ಬಡ ರೋಗಿಗಳನ್ನು ನೋಡುವುದನ್ನು ಬಿಟ್ಟಿಲ್ಲ.

ಕಿದ್ವಾಯಿ ಎಂಬ ಹೆಸರು ನಮ್ಮ ಹಳ್ಳಿಗಳಲ್ಲಿ ಭಯದ ಹೆಸರಾಗಿದೆ. ‘ಕಿದ್ವಾಯಿಗೆ ಬರದುಕೊಟ್ಟಾರ’ ಎಂದರೆ ಮನೆಯಲ್ಲಿ ಅಳು ಶುರುವಾಗುತ್ತದೆ. ಆದ್ದರಿಂದ ಆ ಸಂಸ್ಥೆಯ ಬಗ್ಗೆ ನಾಲ್ಕು ಮಾತು. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಆಸ್ಪತ್ರೆ ಅದು. 1980ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸ್ಥಾನ ಪಡೆಯಿತು. ದೇಶದಲ್ಲಿ ಕ್ಯಾನ್ಸರ್ ಎಷ್ಟಿದೆ ಎಂದು ಲೆಕ್ಕ ಇಡುವ ರಾಷ್ಟ್ರೀಯ ನೋಂದಣಿ ಕಾರ್ಯಕ್ರಮ 1982ರಲ್ಲಿ ಮುಂಬಯಿ, ಚೆನ್ನೈ, ಬೆಂಗಳೂರುಗಳಲ್ಲಿ ಶುರುವಾದಾಗ ಬೆಂಗಳೂರಿನ ಲೆಕ್ಕವನ್ನು ಹೊತ್ತದ್ದು ಕಿದ್ವಾಯಿ. ರಾಜ್ಯದ ಎಲ್ಲ ಜಿಲ್ಲೆಗಳಿಂದ, ಆಂಧ್ರದಿಂದ, ತಮಿಳುನಾಡಿನಿಂದ ಜನ ಅಲ್ಲಿಗೆ ಬರುತ್ತಾರೆ. ಕಲಬುರಗಿಯ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಜನರಲ್ಲಿ ಕೈಯಲ್ಲಿ ಫೈಲು, ಎಕ್ಸ್‌ರೇ ಕವರು ಹಿಡಿದವರು ಕಂಡರೆ ಅವರು ಎಲ್ಲಿಗೆ ಹೊರಟಿದ್ದಾರೆ ಎಂದು ಕೇಳಬೇಕಾಗಿಲ್ಲ.

ಈಗ ಆಪರೇಷನ್ ಕೋಣೆಗೆ ಬರೋಣ. ಸಭೆಯಲ್ಲಿ ಇಂಥ ಮಾತು ಬೇಡವೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಆಡಬಾರದ ಮಾತೆಂದು ನಾವು ಮುಚ್ಚಿಟ್ಟಿದ್ದರಿಂದಲೇ ಎಷ್ಟೋ ತಾಯಂದಿರು ಹೋಗಿದ್ದಾರೆ.

ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಸ್ತನ ಕ್ಯಾನ್ಸರ್ ಆಪರೇಷನ್ನಿನ ವಿಧಾನದಲ್ಲಿ ಸ್ತನ, ಅದರ ಅಡಿಯ ಎದೆಯ ಸ್ನಾಯುಗಳು, ಕಂಕುಳಿನ ದುಗ್ಧಗ್ರಂಥಿಗಳು ಎಲ್ಲವೂ ಒಟ್ಟಿಗೇ ಹೋಗುತ್ತಿದ್ದವು. ಹೆಚ್ಚು ತೆಗೆದಷ್ಟೂ ಹೆಚ್ಚು ಬದುಕು ಎಂಬ ನಂಬಿಕೆ. ಮುಕ್ಕಾಲು ಶತಮಾನ ಆ ನಂಬಿಕೆ ಆಳಿತು. ಪಕ್ಕೆಲುಬು ಎದ್ದು ಕಾಣುವ ಎದೆ, ಊದಿಕೊಂಡ ಕೈ, ಬಾಗಿದ ಭುಜ, ಹೆಂಗಸರು ಅದನ್ನೆಲ್ಲ ಹೊತ್ತು ಬದುಕಿದರು. 1948ರಲ್ಲಿ ಲಂಡನ್ನಿನ ಡೇವಿಡ್ ಪೇಟಿ ಎದೆಯ ದೊಡ್ಡ ಸ್ನಾಯುವನ್ನು ಉಳಿಸಿಯೂ ಅಷ್ಟೇ ಫಲ ಪಡೆಯಬಹುದೆಂದು ತೋರಿಸಿದರು. 1970ರ ದಶಕದಲ್ಲಿ ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್, ಮಿಲಾನಿನ ಉಂಬೆರ್ತೊ ವೆರೊನೇಸಿ ಇನ್ನೂ ಮುಂದಕ್ಕೆ ಹೋದರು: ಗಂಟು ಸಣ್ಣದಿದ್ದರೆ ಅದನ್ನೂ ಸುತ್ತಲಿನ ಭಾಗವನ್ನೂ ತೆಗೆದು ರೇಡಿಯೇಷನ್ ಕೊಟ್ಟರೆ ಸಾಕೇ? ಇಬ್ಬರ ಅಧ್ಯಯನಗಳೂ ಇಪ್ಪತ್ತು ವರ್ಷದ ಫಲಿತಾಂಶವನ್ನು 2002ರಲ್ಲಿ ಕೊಟ್ಟವು. ಸ್ತನ ಉಳಿಸಿಕೊಂಡವರೂ ಪೂರ್ತಿ ತೆಗೆಸಿಕೊಂಡವರೂ ಬದುಕಿದ ಪ್ರಮಾಣ ಒಂದೇ ಇತ್ತು. ದೇಶಮಾನೆ ಅವರ ವೃತ್ತಿಜೀವನ ನಡೆದದ್ದು ಈ ಬದಲಾವಣೆಯ ನಡುವೆಯೇ. ಅವರು ವಿದ್ಯಾರ್ಥಿಯಾಗಿದ್ದಾಗ ಸರಿ ಎನ್ನಿಸಿದ್ದು ಮುಖ್ಯಸ್ಥರಾಗುವ ಹೊತ್ತಿಗೆ ಹಳೆಯದಾಗಿತ್ತು.

ಆದರೆ ಪಿಟ್ಸ್‌ಬರ್ಗಿನ ವಿದ್ಯೆ ಅಫಜಲಪುರದ ಹೆಣ್ಣುಮಗಳಿಗೆ ಹಾಗೇ ದಕ್ಕುವುದಿಲ್ಲ. ಸ್ತನ ಉಳಿಸಬೇಕೆಂದರೆ ರೇಡಿಯೇಷನ್ ಬೇಕೇ ಬೇಕು. ಹಳೆಯ ಕ್ರಮದಲ್ಲಿ ಅದು ಐದಾರು ವಾರ, ವಾರಕ್ಕೆ ಐದು ದಿನ. ಒಂದೂವರೆ ತಿಂಗಳು ಬೆಂಗಳೂರಿನಲ್ಲಿ ಎಲ್ಲಿ ಇರುವುದು? ಧರ್ಮಶಾಲೆಯಲ್ಲಿ ಜಾಗ ಸಿಕ್ಕರೂ ಜೊತೆಗೆ ಯಾರು ಇರುವುದು? ಗಂಡ ಇಲ್ಲಿ ದುಡಿಯಬೇಕು, ಮಕ್ಕಳು ಶಾಲೆಗೆ ಹೋಗಬೇಕು, ತೊಗರಿ ರಾಶಿಯ ಕಾಲ. ಹೀಗಾಗಿ ಉಳಿಸಬಹುದಾದ ಸ್ತನವನ್ನೂ ‘ತೆಗೆದೇ ಬಿಡ್ರಿ ಡಾಕ್ಟರಮ್ಮ, ಒಂದೇ ಸಲಕ್ಕ ಮುಗೀಲಿ’ ಎನ್ನುವವರು ಬಹಳ. ಅಲ್ಲಿ ನಿರ್ಧಾರ ಮಾಡುವುದು ವಿಜ್ಞಾನವಲ್ಲ, ರೈಲಿನ ದೂರ. ಬ್ರಿಟನ್ನಿನ ಅಧ್ಯಯನಗಳ ನಂತರ ರೇಡಿಯೇಷನ್ ಮೂರು ವಾರಕ್ಕೆ ಇಳಿದಿದೆ. 2020ರಲ್ಲಿ ಬಂದ ಇನ್ನೊಂದು ಅಧ್ಯಯನ ಕೆಲವರಿಗೆ ಒಂದೇ ವಾರದಲ್ಲಿ, ಐದು ಸಲದಲ್ಲಿ ಮುಗಿಸಬಹುದು ಎಂದಿದೆ. ಲಂಡನ್ನಿನವರಿಗೆ ಇದು ಅನುಕೂಲದ ಸುದ್ದಿ. ಗೊಬ್ಬೂರಿನವರಿಗೆ ಇದು ಚಿಕಿತ್ಸೆ ಪೂರ್ತಿಯಾಗುವುದೋ ನಡುವೆ ನಿಲ್ಲುವುದೋ ಎಂಬುದರ ಸುದ್ದಿ.

ಇನ್ನು ಕಂಕುಳಿನ ವಿಷಯ. ಈ ಆಪರೇಷನ್ನಿನ ನಿಜವಾದ ಪರೀಕ್ಷೆ ಅಲ್ಲಿದೆ ಎಂದು ಬಲ್ಲವರು ಹೇಳುತ್ತಾರೆ. ಕ್ಯಾನ್ಸರ್ ಸ್ತನದಿಂದ ಹೊರಟರೆ ಸಾಮಾನ್ಯವಾಗಿ ಮೊದಲು ಮುಟ್ಟುವುದು ಕಂಕುಳಿನ ದುಗ್ಧಗ್ರಂಥಿಗಳನ್ನು. ಕೊಬ್ಬಿನೊಳಗೆ ಹುದುಗಿರುವ ಆ ಗ್ರಂಥಿಗಳನ್ನು ತೆಗೆಯಬೇಕು. ಪಕ್ಕದಲ್ಲೇ ಕೈಗೆ ಹೋಗುವ ದೊಡ್ಡ ರಕ್ತನಾಳ. ಪಕ್ಕೆಲುಬಿಗೆ ಅಂಟಿಕೊಂಡು ಕೆಳಗಿಳಿಯುವ ಒಂದು ತೆಳ್ಳನೆಯ ನರ, ಲಾಂಗ್ ಥೊರಾಸಿಕ್ ನರ ಎನ್ನುತ್ತಾರೆ. ಅದಕ್ಕೆ ಪೆಟ್ಟಾದರೆ ಬೆನ್ನಿನ ಹೆಗಲೆಲುಬು ಹೊರಕ್ಕೆ ಚಾಚಿಕೊಳ್ಳುತ್ತದೆ, ಕೈ ತಲೆಯ ಮೇಲಕ್ಕೆ ಸರಿಯಾಗಿ ಏರುವುದಿಲ್ಲ. ಸ್ವಲ್ಪ ಹಿಂದೆ ಇನ್ನೊಂದು ನರ, ಜಗ್ಗುವ ಶಕ್ತಿ ಅದರದು. ರಕ್ತ ಒಸರುತ್ತಿರುವ ಕಿರಿದಾದ ಜಾಗದಲ್ಲಿ ಇವನ್ನು ಗುರುತಿಸಿ, ಕಾಪಾಡಿ, ಸುತ್ತಲಿನ ಗ್ರಂಥಿಗಳನ್ನಷ್ಟೇ ಬಿಡಿಸಿ ತೆಗೆಯಬೇಕು. ಹತ್ತಿ ಕಾಯಿಯ ಗರಟೆಯಲ್ಲಿ ಬೆರಳು ಚುಚ್ಚಿಸಿಕೊಳ್ಳದೆ ಅರಳೆ ಬಿಡಿಸುವ ನಮ್ಮ ಹೆಂಗಸರಿಗೆ ಅಂಥ ಕೈಯ ತಾಳ್ಮೆ ಗೊತ್ತಾಗುತ್ತದೆ.

ಕೈ ಮೇಲೇರದಿದ್ದರೆ ಏನಾಗುತ್ತದೆ? ಪಟ್ಟಣದ ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ ತಲೆ ಬಾಚಿಕೊಳ್ಳುವುದು ಕಷ್ಟ. ನಮ್ಮ ಊರಿನ ಹೆಂಗಸಿಗೆ ಜೀವನವೇ ಕಷ್ಟ. ಕೊಡ ಹೊರುವಂತಿಲ್ಲ, ಮೇವಿನ ಹೊರೆ ಎತ್ತುವಂತಿಲ್ಲ, ರೊಟ್ಟಿ ಬಡಿಯುವಾಗ ಭುಜ ಎಳೆಯುತ್ತದೆ. ಕೂಲಿಗೆ ಕರೆಯುವವರಿಲ್ಲ. ತಲೆಯ ಮೇಲೆ ಕಾಯಿಪಲ್ಲೆಯ ಬುಟ್ಟಿ ಹೊತ್ತು ಬೆಳೆದ ಶಸ್ತ್ರವೈದ್ಯೆಗೆ, ಬುಟ್ಟಿಯನ್ನು ತಲೆಗೆ ಏರಿಸಲು ಕೈ ಎಷ್ಟು ಎತ್ತರಕ್ಕೆ ಹೋಗಬೇಕು ಎಂದು ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಮೊದಲು ಹೇಳಿದ ಆ ಬಾಲ್ಯ ಕೆಲಸದೊಳಗೆ ಬರುವುದು ಇಲ್ಲಿ.

ಆಪರೇಷನ್ ಆದವರಿಗೂ ಅವರ ಮನೆಯವರಿಗೂ ಒಂದು ಮಾತು. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟಿರುತ್ತಾರಲ್ಲ, ಅದನ್ನು ಬಿಡಬೇಡಿ. ನೋವೆಂದು ಕೈಯನ್ನು ಎದೆಗೆ ಅವಚಿಕೊಂಡು ಕೂತರೆ ಭುಜ ಬಿಗಿದುಕೊಳ್ಳುತ್ತದೆ. ಗ್ರಂಥಿ ತೆಗೆದ ಬದಿಯ ಕೈಗೆ ಊತ ಬರುವ ಸಂಭವ ಬಹಳ ವರ್ಷ ಇರುತ್ತದೆ. ಮುಳ್ಳು ಚುಚ್ಚಿದರೆ, ಕುಡಗೋಲು ತಾಗಿದರೆ ಕೂಡಲೇ ತೊಳೆದು ಔಷಧ ಹಚ್ಚಿ. ಕೈ ಕೆಂಪಾಗಿ ಬಿಸಿಯಾದರೆ ತಡ ಮಾಡದೆ ದವಾಖಾನೆಗೆ ಹೋಗಿ. ಕೈ ಊದುತ್ತಿದ್ದರೆ ಬಿಗಿಯಾದ ಬಳೆ ತೆಗೆಯಿರಿ. ಬಳೆ ತೆಗೆಯುವುದು ಅಪಶಕುನ ಎನ್ನುವ ಅತ್ತೆಯರಿಗೆ ನನ್ನ ಪರವಾಗಿ ತಿಳಿಸಿ ಹೇಳಿ.

ಇಷ್ಟೆಲ್ಲ ನೈಪುಣ್ಯವೂ ಒಂದು ವಿಷಯದ ಮುಂದೆ ಸೋಲುತ್ತದೆ. ರೋಗಿ ಯಾವಾಗ ಬಂದಳು ಎಂಬುದು ಅದು. ದೇಶದ ಹನ್ನೊಂದು ನೋಂದಣಿ ಕೇಂದ್ರಗಳ ಲೆಕ್ಕವನ್ನು ಸೇರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳುವುದನ್ನು ಕೇಳಿ. ಗಂಟು ಸ್ತನದೊಳಗೇ ಇದ್ದಾಗ ಚಿಕಿತ್ಸೆಗೆ ಬಂದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ ಸುಮಾರು 81. ಕಂಕುಳಿನವರೆಗೆ ಹರಡಿದ ಮೇಲೆ ಬಂದವರಲ್ಲಿ ಸುಮಾರು 65. ಎಲುಬಿಗೋ ಪುಪ್ಪುಸಕ್ಕೋ ದಾಟಿದ ಮೇಲೆ ಬಂದವರಲ್ಲಿ 18. ರೋಗ ಅದೇ, ದೇಶವೂ ಅದೇ. 81ಕ್ಕೂ 18ಕ್ಕೂ ನಡುವಿನ ಈ ಅಂತರವನ್ನು ಬೆಂಗಳೂರಿನ ಯಾವ ಕತ್ತರಿಯೂ ತುಂಬಲಾರದು. 2022ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಸ್ತನ ಕ್ಯಾನ್ಸರ್ ಹೊಸದಾಗಿ ಬಂತು, 98 ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಪಶ್ಚಿಮದ ದೇಶಗಳಿಗಿಂತ ನಮ್ಮಲ್ಲಿ ಸುಮಾರು ಹತ್ತು ವರ್ಷ ಮೊದಲೇ, ನಲವತ್ತೈದು ಐವತ್ತರ ಹೊತ್ತಿಗೆ, ಈ ರೋಗ ಬರುತ್ತದೆ. ಮಗಳ ಮದುವೆ, ಮಗನ ಓದು, ಅತ್ತೆಯ ಆರೈಕೆ ಎಲ್ಲ ತಲೆಯ ಮೇಲಿರುವ ವಯಸ್ಸು ಅದು.

ಯಾಕೆ ತಡವಾಗುತ್ತದೆ? ಮೊದಲನೆಯ ಕಾರಣ, ಬ್ಯಾನಿ ಇರುವುದಿಲ್ಲ. ಶುರುವಿನ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋಯದ್ದಕ್ಕೆ ದವಾಖಾನೆಗೆ ಹೋಗುವ ರೂಢಿ ನಮ್ಮಲ್ಲಿಲ್ಲ. ಸ್ನಾನ ಮಾಡುವಾಗ ಕೈಗೆ ಸಿಕ್ಕಿರುತ್ತದೆ, ಹಾಲಿನ ಗಂಟು ಇರಬೇಕು, ಕರಗೀತು ಎಂದುಕೊಳ್ಳುತ್ತಾರೆ. ಆಮೇಲೆ ನಾಚಿಕೆ. ಗಂಡು ಡಾಕ್ಟರರ ಮುಂದೆ ಎದೆ ತೋರಿಸುವುದು ಹೇಗೆ? ಗಂಡನಿಗೇ ಹೇಳಿರುವುದಿಲ್ಲ. ಕಿದ್ವಾಯಿಯಂಥ ಕಡೆ ಹೆಣ್ಣು ಶಸ್ತ್ರವೈದ್ಯೆಯೊಬ್ಬರು ಇದ್ದುದರ ಬೆಲೆ ಇಲ್ಲಿ ಗೊತ್ತಾಗುತ್ತದೆ, ಆದರೆ ಅಲ್ಲಿಯವರೆಗೆ ಮುಟ್ಟುವುದೇ ತಡವಾಗಿದೆಯಲ್ಲ! ಮೂರನೆಯದು ಕೆಲಸದ ಸರದಿ. ರಾಶಿ ಮುಗಿಯಲಿ, ಜಾತ್ರೆ ಮುಗಿಯಲಿ, ಸಂಘದ ಸಾಲದ ಕಂತು ಮುಗಿಯಲಿ.

ಇನ್ನೊಂದು ಕಾರಣ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುತ್ತದೆ. ‘ಸೂಜಿ ಚುಚ್ಚಿದ್ರ ಹರಡ್ತದ, ಚಾಕು ಹಚ್ಚಿದ್ರ ಮುಗೀತು’ ಎಂಬ ಮಾತು. ಇದು ಸುಳ್ಳು. ಸೂಜಿ ಹಾಕಿ ತೆಗೆಯುವ ಚೂರಿನ ಪರೀಕ್ಷೆಯಿಲ್ಲದೆ ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ಬಗೆಯದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯುವುದಿಲ್ಲ. ಆ ಪರೀಕ್ಷೆಯಿಂದ ರೋಗ ಹರಡಿ ಜೀವ ಹೋಗುವುದಿಲ್ಲ. ತಡವಾಗಿ ಬಂದವರು ಆಪರೇಷನ್ನಿನ ಮೇಲೆ ತೀರಿಕೊಂಡದ್ದನ್ನು ಊರು ನೋಡುತ್ತದೆ, ದೋಷವನ್ನು ಚಾಕುವಿನ ಮೇಲೆ ಹಾಕುತ್ತದೆ. ಬೇಗ ಬಂದು ಬದುಕಿದವಳು ಯಾರಿಗೂ ಹೇಳದೆ ಸುಮ್ಮನಿರುತ್ತಾಳೆ. ಹೀಗಾಗಿ ಊರಿನ ನೆನಪಿನಲ್ಲಿ ಸಾವುಗಳಷ್ಟೇ ಉಳಿಯುತ್ತವೆ. ಈ ಸಭೆಯಲ್ಲಿ ಚಿಕಿತ್ಸೆ ಪಡೆದು ಗುಣವಾದ ತಾಯಿ ಯಾರಾದರೂ ಇದ್ದರೆ, ನಿಮ್ಮ ಓಣಿಯ ನಾಲ್ಕು ಹೆಂಗಸರಿಗೆ ಹೇಳಿ. ನನ್ನ ಈ ಉಪನ್ಯಾಸಕ್ಕಿಂತ ನಿಮ್ಮ ಆ ಮಾತಿಗೆ ಬೆಲೆ ಹೆಚ್ಚು.

ಹಣದ ಮಾತು ಬರುತ್ತದೆ. ಇದರಲ್ಲಿ ನಮ್ಮ ವಿಭಾಗದ್ದೇ ಒಂದು ಇತಿಹಾಸವಿದೆ, ನಮಗೇ ಅದು ಸರಿಯಾಗಿ ಗೊತ್ತಿಲ್ಲ. ಬಡತನ ರೇಖೆಗಿಂತ ಕೆಳಗಿನವರಿಗೆ ಕ್ಯಾನ್ಸರ್, ಹೃದಯದ ಕಾಯಿಲೆಯಂಥ ದೊಡ್ಡ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ನಮ್ಮ ಗುಲಬರ್ಗಾ ವಿಭಾಗದಲ್ಲಿ. ಯೋಜನೆ ಇದ್ದ ಹಳ್ಳಿಗಳನ್ನೂ ಅವುಗಳ ಸನಿಹದ, ಯೋಜನೆ ಇನ್ನೂ ಮುಟ್ಟದ ಹಳ್ಳಿಗಳನ್ನೂ ಸೇರಿಸಿ 572 ಊರುಗಳಲ್ಲಿ ಸಂಶೋಧಕರು ಹೋಲಿಸಿ ನೋಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು ಯೋಜನೆ ಇದ್ದ ಕಡೆ ಶೇ. 64ರಷ್ಟು ಕಡಿಮೆ. ನಮ್ಮ ಹಳ್ಳಿಗಳ ಬದುಕು ಸಾವು ಜಗತ್ತಿಗೆ ಒಂದು ಪಾಠವಾಯಿತು. ಈಗ ಅದೇ ಯೋಜನೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದೊಳಗೆ ಸೇರಿದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ತಾಯಿಯ ತಾಳಿಯ ಕತೆಗೆ ನಾವು ಕಣ್ಣೀರು ಹಾಕುತ್ತೇವೆ. ಚಿಕಿತ್ಸೆಗಾಗಿ ಇನ್ನೊಬ್ಬ ತಾಯಿ ತಾಳಿ ಮಾರಬಾರದೆಂದಿದ್ದರೆ ಮನೆಯ ಕಾರ್ಡು ಸರಿಯಿದೆಯೇ ಎಂದು ಇವತ್ತೇ ನೋಡಿಕೊಳ್ಳಬೇಕು. ರೋಗ ಬಂದ ಮೇಲೆ ಕಾರ್ಡಿಗೆ ಓಡಾಡುವ ಹೊತ್ತು ಚಿಕಿತ್ಸೆಯ ಹೊತ್ತನ್ನು ತಿನ್ನುತ್ತದೆ.

ರೋಗವನ್ನು ಬೇಗ ಹಿಡಿಯುವುದು ಹೇಗೆ ಎಂಬ ಪಾಠಕ್ಕೂ ನಾವು ದೂರ ಹೋಗಬೇಕಾಗಿಲ್ಲ. ಆಳಂದದ ಗಡಿ ದಾಟಿದರೆ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ. ಅದರ ಪಕ್ಕ ಸೊಲ್ಲಾಪುರ ಜಿಲ್ಲೆಯ ಬಾರ್ಶಿ. ಸಣ್ಣ ಊರು. ಅಲ್ಲಿನ ನರ್ಗೀಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯವರು 1987ರಿಂದ ಸುತ್ತಲಿನ ಹಳ್ಳಿಗಳ ಕ್ಯಾನ್ಸರ್ ಲೆಕ್ಕ ಇಡುತ್ತ ಬಂದಿದ್ದಾರೆ. ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಅದು. ಹಳ್ಳಿಯ ಕ್ಯಾನ್ಸರ್ ಬಗ್ಗೆ ದೇಶ ಕಲಿತದ್ದರಲ್ಲಿ ಬಹುಪಾಲು ಆ ಊರಿನಿಂದ. 1999ರಿಂದ ಅದೇ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1,31,746 ಹೆಂಗಸರನ್ನು ಒಳಗೊಂಡು ಗರ್ಭಕಂಠದ ಕ್ಯಾನ್ಸರಿನ ದೊಡ್ಡ ಅಧ್ಯಯನ ನಡೆಯಿತು. ಆ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿಗಾಗಿ ಒಂದೇ ಒಂದು ಸಲ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ, ಪರೀಕ್ಷೆಯೇ ಇಲ್ಲದ ಗುಂಪಿಗೆ ಹೋಲಿಸಿದರೆ, ಆ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಪರೀಕ್ಷೆಯಿಲ್ಲದ ಗುಂಪಿನ ಹೆಂಗಸರನ್ನು ಹಾಗೆ ಬಿಟ್ಟದ್ದು ಸರಿಯೇ ಎಂದು ಆಮೇಲೆ ಕಟುವಾದ ಪ್ರಶ್ನೆಗಳು ಎದ್ದವು. ಏಳಬೇಕಾದ ಪ್ರಶ್ನೆಗಳೇ ಅವು. ಆ ತಾಯಂದಿರು ನಮ್ಮ ನೆರೆಯವರು, ನಮ್ಮ ಬೀಗರ ಊರಿನವರು. ಅವರು ಕೊಟ್ಟ ಬೆಲೆಯಿಂದ ತಿಳಿದದ್ದನ್ನು ನಾವು ಬಳಸದೇ ಹೋದರೆ ಅದು ಇನ್ನೂ ದೊಡ್ಡ ಅನ್ಯಾಯ.

ಸ್ತನದ ವಿಷಯದಲ್ಲೂ ಅಂಥದೇ ಒಂದು ಅಧ್ಯಯನ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದರು. ದೊಡ್ಡ ಯಂತ್ರ ಇಲ್ಲ, ಮ್ಯಾಮೊಗ್ರಾಂ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷಿಸುವುದು, ಅಷ್ಟೇ. ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆ ನಡೆದ ಕಡೆ ರೋಗ ಮೊದಲ ಹಂತಗಳಲ್ಲೇ ಸಿಗುವುದು ಹೆಚ್ಚಾಯಿತು. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಐವತ್ತಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೂ ಯೋಚಿಸಿ: ಪರೀಕ್ಷೆ ಮಾಡಿದ ಆ ಹೆಣ್ಣುಮಕ್ಕಳು ಡಾಕ್ಟರರಲ್ಲ. ನಮ್ಮ ಆಶಾ ಕಾರ್ಯಕರ್ತೆಯರಂಥವರು, ನಮ್ಮ ಉಪಕೇಂದ್ರದ ಸಿಸ್ಟರ್‌ಗಳಂಥವರು.

ಮೂವತ್ತು ದಾಟಿದ ಪ್ರತಿ ಹೆಣ್ಣುಮಗಳಿಗೂ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಮಾಡಬೇಕೆಂದು ಸರಕಾರದ ಕಾರ್ಯಕ್ರಮವೇ ಇದೆ. ಕಾಗದದಲ್ಲಿದೆ, ಹಳ್ಳಿಯಲ್ಲಿ ಎಷ್ಟಿದೆ ಎಂದು ನೀವೇ ಹೇಳಬೇಕು. ಆಶಾ ಕಾರ್ಯಕರ್ತೆ ಫಾರಂ ತುಂಬಿಕೊಂಡು ಹೋದರೆ ತಪಾಸಣೆ ಆಯಿತೆಂದು ಅರ್ಥವಲ್ಲ. ಪಡದೆ ಇರುವ ಒಂದು ಕೋಣೆ ಬೇಕು, ಒಂದು ಮಂಚ ಬೇಕು, ಕೈಯಿಂದ ಪರೀಕ್ಷಿಸಲು ಕಲಿತ ಒಬ್ಬ ಹೆಣ್ಣುಮಗಳು ಬೇಕು, ಗಂಟು ಸಿಕ್ಕರೆ ಮುಂದೆ ಎಲ್ಲಿಗೆ ಕಳಿಸಬೇಕು ಎಂಬ ಸ್ಪಷ್ಟ ದಾರಿ ಬೇಕು. ಗಂಟು ಕಂಡು ದವಾಖಾನೆಗೆ ಬಂದ ದಿನದಿಂದ 60 ದಿನದೊಳಗೆ ರೋಗ ಹೌದೋ ಅಲ್ಲವೋ ಖಚಿತವಾಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಲಬುರಗಿಯಲ್ಲಿ ಕಿದ್ವಾಯಿಯ ಹೊರಕೇಂದ್ರ ಇದೆ. ಗೊಬ್ಬೂರಿನಿಂದ ಬಸ್ಸು ಹತ್ತಿ ಹೋಗಿ ಸಂಜೆಗೆ ಮನೆಗೆ ಮರಳಬಹುದು. ಬೆಂಗಳೂರಿಗೆ ಹೋಗುವುದಕ್ಕೆ ಮುಂಚೆ ಅಲ್ಲಿಗೆ ಹೋಗಿ. ಅಲ್ಲಿ ಸಿಬ್ಬಂದಿ, ಯಂತ್ರ, ಔಷಧ ಸಾಕಷ್ಟಿರಬೇಕೆಂದು ಕೇಳುವುದು ನಮ್ಮ ಶಾಸಕರ ಹತ್ತಿರ ರಸ್ತೆ ಕೇಳುವಷ್ಟೇ ಜೋರಾಗಿ ಕೇಳಬೇಕಾದ ಮಾತು.

ಗಂಡಸರಿಗೂ ಹೇಳುತ್ತೇನೆ. ನಿಮ್ಮ ಮನೆಯಾಕೆ ಗಂಟಿನ ವಿಷಯ ಹೇಳಿದರೆ ‘ನೋಡೋಣ’ ಎನ್ನಬೇಡಿ, ಮರುದಿನ ಬಸ್ಸಿಗೆ ಕೂಡಿಸಿ. ಹತ್ತು ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ, ಪರೀಕ್ಷೆ ಮಾಡಿಸಿ ನಿಶ್ಚಿಂತೆಯಿಂದ ಬರುತ್ತೀರಿ. ಗಂಡಸರಿಗೂ ಈ ರೋಗ ಅಪರೂಪಕ್ಕೆ ಬರುತ್ತದೆ, ಎದೆಯಲ್ಲಿ ಗಟ್ಟಿ ಗಂಟು ಕಂಡರೆ ನಗೆಪಾಟಲೆಂದು ಮುಚ್ಚಿಡಬೇಡಿ.

ನನ್ನ ಮಾತು ಇಷ್ಟೇ. ಮುಂದಿನ ಅರ್ಧ ಗಂಟೆ ಪ್ರಶ್ನೆಗಳಿಗೆ. ಮೊದಲು ಹೆಣ್ಣುಮಕ್ಕಳು ಕೇಳಲಿ, ಮೈಕಿನಲ್ಲಿ ಕೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಕಾಗಿಲ್ಲ. ಬರೆಯಲು ಬಾರದವರು ಪಕ್ಕದ ಕೋಣೆಗೆ ಬನ್ನಿ, ಅಲ್ಲಿ ಸಿಸ್ಟರ್ ಕೂತಿದ್ದಾರೆ.